ಹೊಳೆಯಲ್ಲಿ ನಿಂತ ಎತ್ತು

ಕೆಂಪಸಿದ್ದಯ್ಯನ ಎತ್ತಿಗೆ ಎಡ ಹಿಂಗಾಲಿನಲ್ಲಿ ಹಳೆಯ ನೋವು. ಎತ್ತನ್ನು ಮಾರುವ ತನಕ ಅದು ಯಾರಿಗೂ ತಿಳಿಯಬಾರದು. ಕೊಳ್ಳುವವರು ಬರುತ್ತಾರೆಂದರೆ ಮದ್ದೂರಿನ ಹೊಳೆಗೆ ಇಳಿಸಿ, ಮೈ ತೊಳೆಯುವ ನೆಪದಲ್ಲಿ ಹಗ್ಗ ಬಿಗಿ ಹಿಡಿದು ನೆಟ್ಟಗೆ ನಿಲ್ಲಿಸುತ್ತಿದ್ದ. ನಡೆಸು ಎಂದರೆ ನೀರಿನಲ್ಲೇ ನಡೆಸುತ್ತಿದ್ದ. ನೀರಿನಲ್ಲಿ ಯಾವ ಎತ್ತಾದರೂ ಮೆಲ್ಲಗೇ ನಡೆಯುತ್ತದೆ.

ಅಂದು ಕೆರಗೋಡಿನ ಲಿಂಗಯ್ಯ ಎತ್ತು ನೋಡಲು ಬರಬೇಕಿತ್ತು; ಎತ್ತು ಆಗಲೇ ಹೊಳೆಯಲ್ಲಿತ್ತು. ಅವನಿಗಿಂತ ಮೊದಲು ಶಾಲೆಯ ಡ್ರಾಯಿಂಗ್ ಮೇಷ್ಟ್ರು ವಾಜಿದ್ ಬಂದು, ದಂಡೆಯಲ್ಲಿ ಕುಳಿತು, ಎತ್ತಿನ ಚಿತ್ರ ಬರೆಯಲೇ ಎಂದರು. ಇವರೇನು ಕೊಳ್ಳುವವರಲ್ಲವಲ್ಲ! ಕೆಂಪಸಿದ್ದಯ್ಯ ಹಗ್ಗ ಸಡಿಲಬಿಟ್ಟು ಬೀಡಿ ಹಚ್ಚಿದ.

ಚಿತ್ರ ಮುಗಿಯಿತು. ಕೆಂಪಸಿದ್ದಯ್ಯ ಅದಕ್ಕೆ ಮೂಗು ತಾಗಿಸಿ ನೋಡಿದ.

"ಇದ್ಯಾವೂರ ಎತ್ತು ಮೇಷ್ಟ್ರೇ? ಕಣ್ಣಿಲ್ಲ, ಕೊಂಬು ಅರ್ಧ. ಮೈಮ್ಯಾಲೆಲ್ಲ ನೀಲಿ ಚೆಲ್ಬುಟ್ಟಿದ್ದೀರಿ!"

"ಯುದ್ಧದ ಕಾಲ ಯಜಮಾನ್ರೇ, ಬೇರೆ ಬಣ್ಣ ಸಿಗ್ತಿಲ್ಲ. ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ."

ಕೆಂಪಸಿದ್ದಯ್ಯ ಹಿಂದೆ ಸರಿಯುತ್ತಾ ಸರಿಯುತ್ತಾ ಹೊಳೆಗೇ ಇಳಿದ. ಪಂಚೆ ನೆನೆಯಿತು. ಅಲ್ಲಿಂದ ನೋಡಿದರೆ ಆ ಕಲೆಗಳೆಲ್ಲ ಕೂಡಿಕೊಂಡು ಬಿಸಿಲಾಗಿದ್ದವು, ನೀರಾಗಿದ್ದವು. ನಡುವೆ ಅವನದೇ ಎತ್ತು. ಅವನ ಎದೆ ಉಬ್ಬಿತು.

ಅಷ್ಟರಲ್ಲಿ ಲಿಂಗಯ್ಯ ಬಂದ.

"ಲೇ ಲಿಂಗಯ್ಯ, ಎತ್ತು ಆಮೇಕ್ ನೋಡೀಯಂತೆ, ಮದ್ಲು ಇಲ್ನೋಡ್ಲಾ! ಅಂಗಲ್ಲ, ಅತ್ತು ಎಜ್ಜೆ ಇಂದಕ್ಕೋಗು."

ಲಿಂಗಯ್ಯ ಹಿಂದಕ್ಕೆ ಹೋಗಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ಇದ್ಕೆ ಎಡಗಾಲ್ ನೋವೇನ್ಲಾ?"

"ಕಾಲೆಲ್ ಕಂಡದೆ ನಿಂಗೆ? ನೀರೊಳಗವೆ!"

"ಕಾಲ್ಯಾಕ್ಲಾ ಬೇಕು? ಸೊಂಟ ನೋಡು. ಭಾರಾನೆಲ್ಲ ಬಲಗಡೀಕೇ ಬುಟ್ಕಂಡು ನಿಂತದೆ."

ಮೂವರೂ ಹೊಳೆಯತ್ತ ತಿರುಗಿದರು. ಎತ್ತು ಚಿತ್ರದಲ್ಲಿದ್ದ ಹಾಗೆಯೇ ಬಲಕ್ಕೆ ವಾಲಿ, ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

"ಮೇಷ್ಟ್ರೇ," ಎಂದ ಕೆಂಪಸಿದ್ದಯ್ಯ ಪಿಸುದನಿಯಲ್ಲಿ, "ಆ ಸೊಂಟಾನ ವಸಿ ಮ್ಯಾಕೆತ್ತಿ."

"ಒಣಗಿಹೋಯ್ತಲ್ಲ ಯಜಮಾನ್ರೇ."

ಮೇಷ್ಟ್ರ ದನಿಯಲ್ಲಿ ಸಂಕೋಚವಿತ್ತು. ಮುಖದಲ್ಲಿ ಮಾತ್ರ ಹಬ್ಬ. ಅವರ ಚಿತ್ರವನ್ನು ಯಾರೂ ಇಷ್ಟು ಹೊತ್ತು ನೋಡಿರಲಿಲ್ಲ.

ಲಿಂಗಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಈ ಎತ್ತು ಬ್ಯಾಡ ಬುಡ್ಲಾ. ಮೇಷ್ಟ್ರೇ, ನಾಳೀಕೆ ಬಣ್ಣ ತಕ್ಕಂಡು ನಮ್ಮಳ್ಳೀಗ್ ಬನ್ನಿ. ಇನ್ನೊಂದೆತ್ತು ನೋಡ್ಬೇಕು."

ಕೆಂಪಸಿದ್ದಯ್ಯ ಆಗ ಹಗ್ಗ ಬಿಗಿ ಹಿಡಿದ. ಎತ್ತು ಅರಮನೆಯ ಎತ್ತಿನ ಹಾಗೆ ನೆಟ್ಟಗೆ ನಿಂತಿತು.