ಬೀಗ ಬದಲಾಯಿಸಿದ ಮನೆ

ಮನೆ ಕೊಂಡು ಬಾಡಿಗೆಗೆ ಬಿಡುವ ವಿದ್ಯೆಯನ್ನು ನಮಗೆ ಕಲಿಸಿದವನು ನನ್ನ ಅಣ್ಣ. ಅವನು ಬ್ರೋಕರ್. ಬಾಯಿ ಬಿಟ್ಟರೆ ಉಪದೇಶ.

"ಹೊಸ ಬಣ್ಣ ಹೊಡೆದ ಗೋಡೆ ಕಂಡ್ರೆ ಮೂಗು ಹತ್ರ ಹಿಡಿ. ತೇವದ ವಾಸನೆ ಬಂತೋ, ಎದ್ದು ಬಂದ್ಬಿಡು. ಮನೆ ಚೆನ್ನಾಗಿದ್ಯಾ ಅಂತಲ್ಲ, ಬಾಡಿಗೆ ಬರುತ್ತಾ ಅಂತ ನೋಡು. ರಿಜಿಸ್ಟ್ರೇಷನ್ ಆದ ದಿನಾನೇ ಬೀಗ ಬದಲಾಯಿಸು."

ಮೊದಲಿನವನ್ನು ಚಾಚೂ ತಪ್ಪದೆ ಪಾಲಿಸಿದೆವು. ಕೊನೆಯದಕ್ಕೆ ನಮ್ಮ ಯಜಮಾನರು ಅಡ್ಡ ನಿಂತರು. ಅವರದು ಬೀಗ ರಿಪೇರಿ ಅಂಗಡಿ. ನಾವು ಕೊಂಡ ಮನೆಯ ಬಾಗಿಲಿಗೆ ಹಿಂದೊಮ್ಮೆ ಅವರೇ ಬೀಗ ಕೂರಿಸಿದ್ದರು.

"ಇದು ನನ್ನ ಕೈಯಲ್ಲಿ ಕೂತ ಬೀಗ ಕಣೇ. ಕಿತ್ತು ಹಾಕೋಕೆ ಮನಸ್ಸು ಬರಲ್ಲ," ಅಂದರು. ಬೀಗದ ಮೇಲಿನ ಮಮತೆ ಹೆಂಡತಿಯ ಮೇಲಿದ್ದಿದ್ದರೆ ನಾನು ಮಹಾರಾಣಿಯಾಗಿರುತ್ತಿದ್ದೆ.

ನಮ್ಮ ಉಳಿತಾಯವೆಲ್ಲ ಆ ಮನೆಯಲ್ಲಿತ್ತು, ಮೇಲೆ ಬ್ಯಾಂಕಿನ ಕಂತು ಬೇರೆ. ಬೇಗ ಬಾಡಿಗೆದಾರರು ಸಿಗದಿದ್ದರೆ ಮನೆ ಕೈಬಿಟ್ಟು ಹೋಗುತ್ತಿತ್ತು.

ಮನೆ ನೋಡಲು ಬಂದ ಮೊದಲ ದಂಪತಿಗೆ ನಾನೇ ಬಾಗಿಲು ತೆಗೆದೆ. ನೆಲ ಒದ್ದೆಯಾಗಿತ್ತು. ಯಾರೋ ಆಗಷ್ಟೇ ಮೂಲೆಮೂಲೆಯನ್ನೂ ಒರೆಸಿ ಹೋದ ಹಾಗಿತ್ತು. ಅಡುಗೆಕಟ್ಟೆಯ ಮೇಲೆ ತೊಳೆದ ಲೋಟವೊಂದು ಬೋರಲಾಗಿತ್ತು. ಅದು ನಮ್ಮದಲ್ಲ.

"ಒಳಗೆ ಯಾರಿದ್ದಾರೆ?" ಎಂದು ಆ ಹೆಂಗಸು ಕೇಳಿದಳು. ಯಾರೂ ಇಲ್ಲ ಅನ್ನುತ್ತ ನಾನು ಆ ಲೋಟವನ್ನು ಸೆರಗಿನಡಿ ಮುಚ್ಚಿಕೊಂಡೆ. ಆಮೇಲೆ ಬಂದವರಿಗೂ ಅದೇ ಒದ್ದೆ ನೆಲ. ಆ ಮನೆಯಲ್ಲಿ ಏನೋ ಇದೆ ಎಂದು ಬೀದಿಯಲ್ಲಿ ಮಾತು ಹಬ್ಬಿತು. ಸುಳ್ಳೇಕೆ ಹೇಳಲಿ, ನನಗೂ ಭಯವಾಗಿತ್ತು.

ಒಂದು ಮಧ್ಯಾಹ್ನ ಗಂಡ ಹೆಂಡತಿ ಒಳಗಿನಿಂದ ಬೀಗ ಹಾಕಿಕೊಂಡು ಕಿಟಕಿಯ ಕಟ್ಟೆಯ ಮೇಲೆ ಕಾದು ಕೂತೆವು. ಬಾಗಿಲಲ್ಲಿ ಕೀ ತಿರುಗಿತು. ಯಜಮಾನರು ಕಿವಿ ನಿಮಿರಿಸಿದರು.

"ಇದು ನಾನು ಮಾಡಿದ ಕೀ. ಸದ್ದಲ್ಲೇ ಗೊತ್ತಾಗುತ್ತೆ," ಎಂದು ಪಿಸುಗುಟ್ಟಿದರು.

ಬಂದದ್ದು ನಮಗೆ ಮನೆ ಮಾರಿದವನ ತಾಯಿ. ಮಗ ಈಗ ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದ. ಈ ಮನೆ ಮಾರಿದ್ದು ಅಜ್ಜಿಯ ನೆನಪಿನಲ್ಲಿ ನಿಂತಿರಲಿಲ್ಲ. ನಮ್ಮನ್ನು ಕಂಡು ಅವರು ಬೆಚ್ಚಲೂ ಇಲ್ಲ.

"ಮಗನ್ನ ನೋಡೋಕೆ ಬಂದ್ರಾ? ಕೂತಿರಿ, ಬರ್ತಾನೆ."

ಬಚ್ಚಲಿನಿಂದ ಬಕೆಟ್ ತಂದು ನೆಲ ಒರೆಸತೊಡಗಿದರು. ನಮ್ಮ ಹತ್ತಿರ ಬಂದು, "ಸ್ವಲ್ಪ ಕಾಲೆತ್ತಿ," ಅಂದರು. ನಮ್ಮದೇ ಮನೆಯಲ್ಲಿ ನಾವು ಕಾಲೆತ್ತಿಕೊಂಡು ಕೂತೆವು. ಕೀ ಇಸ್ಕೊಳ್ಳಿ ಎಂದು ನಾನು ಕಣ್ಸನ್ನೆ ಮಾಡಿದರೂ ಇವರು ಕೈ ಚಾಚಲಿಲ್ಲ.

ಮನೆಗೆ ಬಂದವಳೇ ಹಟ ಹಿಡಿದೆ. "ಬೀಗ ನೀವು ಬದಲಾಯಿಸ್ತೀರೋ, ಬೇರೆ ಯಾರನ್ನಾದ್ರೂ ಕರೆಸ್ಲೋ?" ಆ ಅವಮಾನವನ್ನು ಇವರು ಸಹಿಸುವವರಲ್ಲ. ಮಾತಿಲ್ಲದೆ ಬದಲಾಯಿಸಿದರು. ತಿಂಗಳೊಳಗೆ ಬಾಡಿಗೆದಾರರು ಬಂದರು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಇನ್ನೊಂದು ಮನೆ ನೋಡೋಣ ಅಂದ ಅಣ್ಣ.

ಆಮೇಲೊಂದು ದಿನ ನಾನು ಇವರ ಅಂಗಡಿಯಲ್ಲಿದ್ದಾಗ ಅಜ್ಜಿ ಬಂದು ಮೇಜಿನ ಮೇಲೆ ಕೀ ಇಟ್ಟರು. ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದವರು ನಾವೇ ಎಂಬುದು ಅವರಿಗೆ ನೆನಪಿರಲಿಲ್ಲ.

"ನೀನೇ ಅಲ್ವೇನಪ್ಪಾ ಮಾಡಿಕೊಟ್ಟಿದ್ದು? ನಮ್ಮನೆ ಬಾಗಿಲು ತೆಗೀತಾನೇ ಇಲ್ಲ. ಒಳಗೆ ಯಾರೋ ಓಡಾಡೋ ಸದ್ದು ಬೇರೆ. ನಂಗೆ ಹೆದರಿಕೆ ಆಗುತ್ತೆ."

ಯಜಮಾನರು ನನ್ನ ಮುಖ ನೋಡಿದರು. ಅವರು ಅರ ತೆಗೆದುಕೊಂಡು, ಕೀಯ ಹಲ್ಲುಗಳಿಗೆ ತಾಗದಂತೆ, ಅದರ ಬೆನ್ನನ್ನಷ್ಟೇ ಉಜ್ಜಿ ಕೊಟ್ಟರು.

"ಈಗ ತೆಗೆಯುತ್ತಾ?" ಎಂದರು ಅಜ್ಜಿ.

ಬೀಗದ ವಿಷಯದಲ್ಲಿ ಇವರು ಯಾರಿಗೂ ಸುಳ್ಳು ಹೇಳಿದವರಲ್ಲ. ಅರ ಒರೆಸುತ್ತ ಕೂತರು.

"ತೆಗೆಯುತ್ತೆ ಅಜ್ಜಿ, ಹೋಗ್ಬನ್ನಿ," ಅಂದವಳು ನಾನು.

ಅವರು ಮತ್ತೆ ಮತ್ತೆ ಬರುತ್ತಾರೆ. ಪ್ರತಿ ಸಲ ಇವರು ಉಜ್ಜುತ್ತಾರೆ, ನಾನು ಅದೇ ಮಾತು ಹೇಳುತ್ತೇನೆ. ಬಾಡಿಗೆಯೂ ತಪ್ಪದೆ ಬರುತ್ತಿದೆ. ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಕೂತಿದ್ದಾಗ ನಮ್ಮ ಬಾಗಿಲಲ್ಲಿ ಕೀ ತಿರುಗಿದಂತಾಗುತ್ತದೆ. ಯಾರೂ ಒಳಗೆ ಬರುವುದಿಲ್ಲ. ಆದರೂ ನಾನು ಕಾಲೆತ್ತಿಕೊಳ್ಳುತ್ತೇನೆ.