ಜೇವರ್ಗಿಯ ವಕೀಲರ ಗಾಡಿ

ಗೊಬ್ಬೂರಿನಿಂದ ಕಲಬುರ್ಗಿಗೆ, ಅಲ್ಲಿಂದ ಜೇವರ್ಗಿಗೆ, ಎರಡು ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಚಂದ್ರಾಮಪ್ಪ ಆರು ಸಲ ಜಾಗ ಬದಲಿಸಿದ್ದ. ಎಲೆಅಡಿಕೆಯ ಚೀಲ ಬಿಚ್ಚಿ, ಏನೂ ತಿನ್ನದೆ ಮತ್ತೆ ಕಟ್ಟಿಟ್ಟಿದ್ದ. ಹೆಂಡತಿ ಸುಂದರಬಾಯಿ ಮಾತ್ರ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಅವಳು ಗೊಬ್ಬೂರಿನ ನರ್ಸಬಾಯಿ. ಸುತ್ತಲ ಏಳು ಹಳ್ಳಿಗಳ ಹೆರಿಗೆ ಅವಳ ಕೈಯಲ್ಲೇ ಆಗಬೇಕು. ಇವನು ಇಪ್ಪತ್ತೆರಡು ವರ್ಷ ಲಾರಿ ಹೊಡೆದು, ಈಗ ನಾಲ್ಕು ವರ್ಷದಿಂದ ಬಸ್ ಸ್ಟ್ಯಾಂಡಿನ ಎದುರು ಪಾನ್ ಅಂಗಡಿ ಇಟ್ಟುಕೊಂಡವನು. ಡ್ರೈವರಿಕೆ ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಬೆನ್ನುನೋವು ಎನ್ನುತ್ತಿದ್ದ. ಹೆಂಡತಿಗೂ ಅದನ್ನೇ ಹೇಳಿದ್ದ.

ಬೆನ್ನಿಗೆ ಏನೂ ಆಗಿರಲಿಲ್ಲ. ಖಜೂರಿಯ ಒಂದು ಗೋದಾಮಿನ ಅಂಗಳದಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆಯುವಾಗ, ಹಿಂದೆ ನಿಂತು ದಾರಿ ತೋರಿಸುತ್ತಿದ್ದ ಕ್ಲೀನರ್ ಭಗವಂತ ಗೋಡೆಗೂ ಲಾರಿಗೂ ನಡುವೆ ಸಿಕ್ಕಿ ಸತ್ತುಹೋದ. ಇವನಿಗಿಂತ ಎರಡು ವರ್ಷ ದೊಡ್ಡವನು, ಹದಿನಾಲ್ಕು ವರ್ಷ ಒಂದೇ ತಾಟಿನಲ್ಲಿ ಉಂಡವನು. ನಿನ್ನ ತಪ್ಪಲ್ಲ ಎಂದು ಪಂಚನಾಮೆ ಬರೆದವರೂ ಹೇಳಿದರು, ಭಗವಂತನ ಹೆಂಡತಿಯೂ ಹೇಳಿದಳು. ಆಮೇಲೆ ಮೂರು ತಿಂಗಳು ಹೇಗೋ ದಬ್ಬಿದ. ಸ್ಟೇರಿಂಗ್ ಹಿಡಿದರೆ ಸಾಕು, ಕೈ ಗಡಗಡ ನಡುಗುತ್ತಿತ್ತು. ಇಪ್ಪತ್ತೆರಡು ವರ್ಷದ ಡ್ರೈವರು ಹೆದರಿಕೊಂಡ ಅಂದರೆ ಊರು ನಗುತ್ತದೆ. ಬೆನ್ನುನೋವಿಗೆ ಯಾರೂ ನಗುವುದಿಲ್ಲ.

ಹೋದ ತಿಂಗಳು ಊರ ಹೊರಗಿನ ತೋಟದ ಶರಣಬಸಮ್ಮನಿಗೆ ಹೆರಿಗೆ ಕಷ್ಟವಾಗಿ ಬಂಡಿಯಲ್ಲಿ ಹಾಕಿಕೊಂಡು ಅಫಜಲಪುರದ ದವಾಖಾನೆಗೆ ಹೊರಟಿದ್ದರು. ಊರಿನ ಒಂದೇ ಜೀಪು ಅವತ್ತು ಯಾರದೋ ಮದುವೆಗೆ ಹೋಗಿತ್ತು. ಅರ್ಧ ದಾರಿಯಲ್ಲೇ, ಸುಂದರಬಾಯಿಯ ಕೈ ಹಿಡಿದುಕೊಂಡಂತೆಯೇ ಆ ಹುಡುಗಿಯ ಜೀವ ಹೋಯಿತು. ಸುಂದರಬಾಯಿ ಮನೆಗೆ ಬಂದು ಸೀರೆ ಒಗೆದು ಒಣಹಾಕಿ, ಉಣ್ಣದೆ ಮಲಗಿದಳು. ಮರುದಿನ ಬೆಳಿಗ್ಗೆ ಎದ್ದವಳ ಮೊದಲ ಮಾತು, “ಒಂದು ಗಾಡಿ ತಗೋಳೋಣ್ರಿ. ನೀವು ಹೊಡೀರಿ. ನಿಮ್ಮ ಬೆನ್ನಿಗೆ ಲಾರಿ ಆಗೂದಿಲ್ಲ, ಸಣ್ಣ ಕಾರಿಗೆ ಏನಾಗ್ತದ?”

ಅವನು ಬೇಡ ಎನ್ನಲಿಲ್ಲ. ಬೇಡ ಎನ್ನಲು ಕಾರಣ ಬೇಕಲ್ಲ. ಒಳ್ಳೆ ಗಾಡಿ ಸಿಕ್ಕರೆ ನೋಡೋಣ ಎಂದ. ಕೆಟ್ಟ ಗಾಡಿಗಳಿಗೆ ನಮ್ಮ ಕಡೆ ಬರವೇ? ಆಳಂದದ ಅಂಬಾಸಿಡರ್, ಮಣ್ಣೂರಿನ ಜೀಪು, ಎರಡನ್ನೂ ಅವನು ಅರ್ಧ ತಾಸಿನಲ್ಲಿ ತೀರಿಸಿಹಾಕಿದ, ಅದೂ ನ್ಯಾಯವಾಗಿಯೇ. ಆಮೇಲೆ ಜೇವರ್ಗಿಯ ಸುದ್ದಿ ಬಂತು. ತೀರಿಕೊಂಡ ವಕೀಲರೊಬ್ಬರ ಫಿಯಾಟ್, ಹದಿನೆಂಟು ವರ್ಷ ಹಳೆಯದು, ಓಡಿದ್ದು ಬರೀ ಹನ್ನೊಂದು ಸಾವಿರ ಕಿಲೋಮೀಟರ್.

ವಕೀಲರ ಹೆಂಡತಿ ಗುರುಶಾಂತಮ್ಮ ಎಪ್ಪತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ. ನೀರು ಕೊಟ್ಟು, ಚಹಾ ಕೊಟ್ಟು, ತಾನೇ ಮುಂದೆ ನಡೆದು ಅಂಗಳದ ಮೂಲೆಯ ತಗಡಿನ ಶೆಡ್ಡಿನ ಬಾಗಿಲು ತೆಗೆಸಿದಳು.

“ಕೋರ್ಟ್ ಎದುರಿಗೇ ಇತ್ತು ತಮ್ಮಾ. ನಡಕೋಂತ ಹೋಗಿ ನಡಕೋಂತ ಬರ್ತಿದ್ರು. ಗಾಡಿ ತಗೊಂಡಿದ್ದು ಬರೇ ಇಜ್ಜತಿಗೆ. ಅವರು ಹೋಗಿ ಆರು ವರ್ಷ ಆತು. ಸರ್ದಾರ ಮಿಸ್ತ್ರಿ ಅಮಾಸಿಗೊಮ್ಮೆ ಬಂದು ಚಾಲೂ ಮಾಡಿ ಇಡ್ತಾನ. ಇಲಿ ಗೂಡು ಕಟ್ಟೂದಕ್ಕಿಂತ ಮೊದ್ಲ ಯಾರಿಗಾರ ಉಪಯೋಗ ಆಗ್ಲಿ ಅಂತ ಕೊಡಾಕತ್ತೇನಿ.”

ಗಾಡಿ ಮೂತಿಯನ್ನು ಒಳಗೋಡೆಗೆ ಕೊಟ್ಟು ನಿಂತಿತ್ತು. ಹೊರಗೆ ತರಬೇಕೆಂದರೆ ಹಿಂದಕ್ಕೇ ತೆಗೆಯಬೇಕು. ಚಂದ್ರಾಮಪ್ಪ ಮೊದಲು ನೋಡಿದ್ದು ಅದನ್ನೇ.

ಆಮೇಲೆ ಮೊಸರಲ್ಲಿ ಕಲ್ಲು ಹುಡುಕುವ ಕೆಲಸ ಶುರುವಾಯಿತು. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿಕೊಂಡು ಮೂಸಿದ. ಬಗ್ಗಿ ತಳ ನೋಡಿದ. ಕೀಲಿ ತಿರುವಿದರೆ ಎಂಜಿನ್ ಎರಡನೇ ಹೊಡೆತಕ್ಕೇ ಎದ್ದಿತು, ಹೊಗೆ ಇಲ್ಲ, ಖಡಖಡ ಇಲ್ಲ. ಅಷ್ಟು ಒಳ್ಳೆಯ ಸದ್ದು ಕೇಳಿ ಅವನಿಗೆ ಸಿಟ್ಟೇ ಬಂತು.

“ಟಾಯರ್ ಬಿರಕ ಬಿಟ್ಟಾವು,” ಎಂದ.

“ಹೊಸಾವು ಹಾಕಿಸಿದ್ರಾತು,” ಎಂದಳು ಸುಂದರಬಾಯಿ.

“ಪೈಪ್ ಎಲ್ಲಾ ಒಣಗ್ಯಾವು. ನಿಂತ ಗಾಡಿಗೆ ರಬ್ಬರಿನ ಜಡ್ಡು ಭಾಳ.”

“ಅವೂ ಹಾಕಿಸೋಣು. ಮತ್ತೇನದ?”

ಮತ್ತೇನೂ ಇರಲಿಲ್ಲ. ಒಳಗೆ ಕೂತು, ತಲೆ ಬಗ್ಗಿಸಿ ಬ್ರೇಕಿನ ಪೆಡಲ್ ನೋಡಿದ. ಮೀಟರನ್ನು ತಿರುವಿ ಇಡಬಹುದು, ಸೊಲ್ಲಾಪುರದಲ್ಲಿ ಅದನ್ನೇ ದಂಧೆ ಮಾಡಿಕೊಂಡವರನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಪೆಡಲಿನ ರಬ್ಬರು ಸುಳ್ಳು ಹೇಳುವುದಿಲ್ಲ. ಲಕ್ಷ ಓಡಿದ ಗಾಡಿಯಲ್ಲಿ ಅದು ಸವೆದು ನುಣ್ಣಗಾಗಿರುತ್ತದೆ. ಇದರ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಸೀಟು ಕುಸಿದಿರಲಿಲ್ಲ, ಬಾಗಿಲು ಜೋತುಬಿದ್ದಿರಲಿಲ್ಲ. ಹನ್ನೊಂದು ಸಾವಿರ ಎಂದರೆ ಹನ್ನೊಂದು ಸಾವಿರವೇ. ಇಂಥ ಗಾಡಿ ಹತ್ತು ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಕಿಟಕಿಯ ಹೊರಗೆ ಸುಂದರಬಾಯಿ ಅವನ ಮುಖವನ್ನೇ ನೋಡುತ್ತಿದ್ದಳು. ಗಾಡಿಯ ವಿಷಯದಲ್ಲಿ ಅವನು ಹೇಳಿದ್ದೇ ಅವಳಿಗೆ ವೇದ. ಅವನು ಇಳಿದು, ಕೈ ಒರೆಸಿಕೊಂಡು, ಅವಳ ಕಣ್ಣು ತಪ್ಪಿಸಿ ಹೇಳಿಬಿಟ್ಟ.

“ಬ್ಯಾಡ ಬಿಡು. ಮೀಟರ್ ತಿರುವ್ಯಾರ. ಇದು ಲಕ್ಷದ ಮ್ಯಾಲ ಓಡ್ಯದ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳೇ ವಾಸಿ, ನೆಲಕ್ಕೆ ಮಾನ ಮರ್ಯಾದೆ ಇಲ್ಲ. ಇಲ್ಲಿ ಎದುರಿಗೇ ಒಂದು ಮನೆತನ ನಿಂತಿತ್ತು.

ಗುರುಶಾಂತಮ್ಮ ಕೂಗಾಡಲಿಲ್ಲ. ಸೆರಗಿನೊಳಗಿಂದ ಬೆಳ್ಳಿಯ ಕರಡಿಗೆ ತೆಗೆದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು.

“ನಮ್ಮ ಮನಿಯವರು ಕೋರ್ಟಿನ್ಯಾಗ ಸುಳ್ಳ ವಾದ ಮಾಡಿರಬಹುದು, ಅದು ವಕೀಲಿ. ಈ ಮೀಟರ್ ಮಾತ್ರ ಅವರೂ ಮುಟ್ಟಿಲ್ಲ, ಯಾರಿಗೂ ಮುಟ್ಟಗೊಟ್ಟಿಲ್ಲ. ಲಿಂಗ ಹಿಡಕೊಂಡು ಹೇಳಾಕತ್ತೇನಿ. ಈಗ ನೀ ಹೇಳು ತಮ್ಮಾ. ನಿನ್ನ ಕೊರಳಾಗೂ ಲಿಂಗ ಅದ. ಅದನ್ನ ಹಿಡಕೊಂಡು, ತಿರುವ್ಯಾರ ಅಂತ ಒಂದು ಮಾತು ಅನ್ನು. ಈ ಗಾಡಿ ನಿನಗ ಪುಕ್ಕಟೆ ಕೊಡ್ತೇನಿ.”

ಚಂದ್ರಾಮಪ್ಪನ ಕೈ ಅಂಗಿಯ ಗುಂಡಿಯವರೆಗೆ ಹೋಯಿತು. ಒಂದೇ ಮಾತು, ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ನಾಳೆ ಮತ್ತೆ ಅಂಗಡಿ, ಸುಣ್ಣ, ಅಡಿಕೆ, ಬೆನ್ನುನೋವು. ಕೈ ಅಲ್ಲಿಂದ ಮುಂದೆ ಹೋಗಲಿಲ್ಲ.

“ಸುಳ್ಳ ಹೇಳ್ದೆ ಅವ್ವಾರ,” ಎಂದ ಕೊನೆಗೆ. “ಗಾಡಿ ಛಲೋ ಅದ, ಭಾಳ ಛಲೋ ಅದ. ನನಗ ಹೊಡ್ಯಾಕ ಆಗೂದಿಲ್ಲ. ಭಗವಂತ ಸತ್ತಾಗಿಂದ ನನಗ ಹೆದರಿಕಿ.”

ಸುಂದರಬಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಹಂಗಾರ ಬೆನ್ನು?”

“ಬೆನ್ನಿಗಿ ಏನೂ ಆಗಿಲ್ಲ.”

“ಏನೂ ಆಗಿಲ್ಲ?” ಅವಳ ದನಿ ತಗಡಿಗೆ ಬಡಿಯಿತು. “ನಾಲ್ಕು ವರ್ಷ ದಿನಾ ಎಣ್ಣಿ ತಿಕ್ಕೇನಲ್ರಿ ನಾ! ದೊಡ್ಡ ಡಾಕ್ಟರಿಗೆ ಕೈ ಮುಗಿದು ಗುಳಗಿ ತಂದು ನುಂಗಿಸೇನಿ. ಅಷ್ಟೂ ದಿನ ಬಕ್ಕಬಾರ್ಲ ಮಲಗಿ ಹಾ ಹೂ ಅಂತಿದ್ರಲ್ಲ!”

ಗುರುಶಾಂತಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಆಚೆ ತಿರುಗಿದಳು. ಚಂದ್ರಾಮಪ್ಪ ತಲೆ ತಗ್ಗಿಸಿ ನಿಂತ. ನಾಚಿಕೆಯಿಂದ ಸಾಯುವಂತಾಗಿತ್ತು, ಆದರೆ ನಾಳೆಯಿಂದ ಬೆನ್ನು ಹಿಡಿದುಕೊಂಡು ನರಳುವುದು ತಪ್ಪಿದ್ದೂ ನಿಜ.

ಬೈದು ಬೈದು ಸುಂದರಬಾಯಿಗೆ ಉಸಿರು ಕಟ್ಟಿತು. ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದಳು. ಈಗ ದನಿ ಬೇರೆಯಾಗಿತ್ತು.

“ಹೆದರಿಕಿ ಅದ ಅಂದ್ರ ಇರ್ಲಿ. ನಾನೂ ಪ್ರತಿ ಹೆರಿಗಿಗೆ ಹೆದರ್ತೇನಿ, ಯಾರಿಗೂ ಹೇಳೂದಿಲ್ಲ. ದಿನ ತುಂಬಿದ ಹೆಂಗಸನ್ನ ಹಿಂದ ಕೂಡಿಸ್ಕೊಂಡು ಹೋಗಾವಗ ಹೆದರಿಕಿ ಇರಬೇಕ್ರಿ. ಇಲ್ಲದಾವ ನನಗ ಬ್ಯಾಡ. ಈಗ ಇದನ್ನ ಹೊರಗ ತಗೀರಿ, ಬೆಳಕಿನ್ಯಾಗ ನೋಡೋಣು.”

“ಕೈ ನಡಗ್ತಾವು ಸುಂದರಾ.”

“ನಡಗ್ಲಿ. ಅಂಗಳದ ತನಕ ಅಷ್ಟ. ಟಾಯರ್ ಹಾಕಿಸೂ ತನಕ ಮುಂದಿಂದು ಯಾರು ಕೇಳ್ಯಾರ?”

ಅವನು ಗುರುಶಾಂತಮ್ಮನ ಪಾದಕ್ಕೆ ಕೈ ಹಚ್ಚಿ ತಪ್ಪಾತ್ರಿ ಎಂದ. ಅವಳು ಕರಡಿಗೆಯನ್ನು ಮತ್ತೆ ಸೆರಗಿನೊಳಗೆ ಸೇರಿಸುತ್ತ, “ಏಳು ತಮ್ಮಾ. ಹೊತ್ತಾಗಾಕತ್ತದ,” ಎಂದಳಷ್ಟೆ.

ಡ್ರೈವರ್ ಸೀಟಿನಲ್ಲಿ ಕೂತು ಅವನು ಕಿಟಕಿಯಿಂದ ತಲೆ ಹೊರಹಾಕಿದ. “ಹಿಂದ ಯಾರೂ ಬರಬ್ಯಾಡ್ರಿ. ಇಬ್ಬರೂ ಮುಂದ, ಗ್ವಾಡಿ ಹಂತ್ಯಾಕ ನಿಂದರ್ರಿ. ನನ್ನ ಕಣ್ಣಿಗಿ ಕಾಣಬೇಕು.”

ಇಬ್ಬರು ಹೆಂಗಸರು ಬಾನೆಟ್ಟಿನಾಚೆ ಒಳಗೋಡೆಗೆ ಆತು ನಿಂತರು. ಎಂಜಿನ್ ಎದ್ದಿತು. ಅವನು ಗಾಡಿಯನ್ನು ಹಾಗೇ ಬಿಟ್ಟು ಇಳಿದು ಹಿಂದೆ ಹೋಗಿ ನೋಡಿದ, ಅಂಗಳ ಖಾಲಿ. ಬಂದು ಕೂತ, ಮತ್ತೆ ಇಳಿದು ಹೋಗಿ ನೋಡಿದ. ಮೂರನೆಯ ಸಲ ಬಗ್ಗಿ, ಗಾಲಿಗಳ ನಡುವೆಯೂ ಇಣುಕಿದ. ಸುಂದರಬಾಯಿ ಸಾಕು ಬರ್ರಿ ಎನ್ನಲಿಲ್ಲ, ನಗಲೂ ಇಲ್ಲ, ಅವನು ಎಷ್ಟು ಸಲ ಇಳಿದರೂ ನಿಲ್ಲುವವಳಂತೆ ನಿಂತಿದ್ದಳು.

ನಾಲ್ಕನೆಯ ಸಲ ಅವನು ಇಳಿಯಲಿಲ್ಲ. ಕ್ಲಚ್ ಒತ್ತಿ ಗೇರ್ ಹಾಕಿದ. ಕೈ ನಡುಗುತ್ತಲೇ ಇತ್ತು; ಗಾಡಿ ಹಿಂದಕ್ಕೆ ಸರಿಯಿತು.