ಏಳು ನಿಮಿಷದ ಮುದುಕ

ಮೆಡಿಕಲ್ ಕಾಲೇಜಿನವರು ಕೊರಿನ್‌ಗೆ ಕಳಿಸಿದ ತಿರಸ್ಕಾರದ ಪತ್ರ ಮೂರೇ ಸಾಲಿನದು. ಯಾಕೆ ಬೇಡವಾದೆ ಅನ್ನುವುದು ಅದರಲ್ಲಿರಲಿಲ್ಲ. ಒಳ್ಳೆಯ ಅಂಕಗಳಿದ್ದವು, ಆಸ್ಪತ್ರೆಯಲ್ಲಿ ಡಾಕ್ಟರರ ಬೆನ್ನಹಿಂದೆ ಅಲೆದ ನಾನೂರು ಗಂಟೆಗಳಿದ್ದವು. ಮತ್ತೆಲ್ಲಿ ಎಡವಿದೆ? ಆ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕಿದ ಸಿಪ್ಪೆಯ ಹಾಗೆ ಕಾಡಿತು. ಇನ್ನೊಂದೇ ಸಲ ಅರ್ಜಿ ಹಾಕುವುದು, ಅದೂ ಬಿದ್ದರೆ ಡಾಕ್ಟರಾಗುವ ಆಸೆಗೆ ಎಳ್ಳುನೀರು ಬಿಡುವುದು ಎಂದು ತೀರ್ಮಾನಿಸಿದಳು.

ಜನವರಿಯಲ್ಲಿ ಹೊಟ್ಟೆಪಾಡಿಗೆಂದು ಆ ಕಾಲೇಜಿದ್ದ ಟೊಲೀಡೊ ಊರಿನದೇ ನರ್ಸಿಂಗ್ ಶಾಲೆಯೊಂದರಲ್ಲಿ ರೋಗಿಯ ವೇಷ ಹಾಕುವ ಕೆಲಸ ಹಿಡಿದಳು. ಬೆನ್ನಿಗೆ ಲಾಡಿ ಕಟ್ಟುವ ನಿಲುವಂಗಿ ತೊಟ್ಟು ಮಲಗಬೇಕು, ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ಬಂದು ವಿಚಾರಿಸುತ್ತಾರೆ. ಮೊದಲ ದಿನವೇ ಆರ್ಲನ್ ಸಿಕ್ಕ. ಎಪ್ಪತ್ತು ದಾಟಿದ ನಿವೃತ್ತ ಬಸ್ ಡ್ರೈವರ್, ಅವನದೂ ಅದೇ ಕೆಲಸ. ಅವಳನ್ನು ಕಂಡವನೇ ಡೋನಟ್ ಮುರಿಯುತ್ತಾ ನಕ್ಕ.

"ಹೋದ ಅಕ್ಟೋಬರ್‌ನಲ್ಲಿ ಮೆಡಿಕಲ್ ಕಾಲೇಜಿನ ಇಂಟರ್‌ವ್ಯೂನಲ್ಲಿ ನನ್ನ ರೂಮಿಗೆ ಬಂದಿದ್ದೆ ನೀನು. ಸತ್ತ ಹೆಂಡತಿಯ ಚಪ್ಪಲಿ ಆಸ್ಪತ್ರೆಯವರು ಕಳೆದುಹಾಕಿದ್ರು ಅಂತ ಕೂಗಾಡ್ತಿದ್ದ ಮುದುಕ ನಾನೇ. ಅಲ್ಲೂ ನಂದು ಇದೇ ವೇಷದ ಕೆಲಸ, ನೀವು ಹೇಗೆ ಮಾತಾಡ್ತೀರಿ ಅಂತ ಒಬ್ಬೊಬ್ಬರನ್ನೂ ಏಳು ನಿಮಿಷ ನೋಡ್ತಾರೆ."

ಕೊರಿನ್‌ಗೆ ಆ ಮುಖ ಈಗ ನೆನಪಾಯಿತು. "ನಾನು ಸರಿಯಾಗೇ ಮಾತಾಡಿದ್ನಲ್ಲ. ದೂರು ಎಲ್ಲಿ ಕೊಡ್ಬೇಕು, ಯಾವ ಫಾರಂ ತುಂಬಬೇಕು, ಎಲ್ಲ ಹೇಳಿದ್ದೆ."

"ಏಳು ನಿಮಿಷವೂ ಹೇಳಿದೆ. ಬ್ರೇಕಿಲ್ಲದ ಬಸ್ಸು."

"ಮತ್ತೆ ತಪ್ಪಿದ್ದೆಲ್ಲಿ?"

"ಗುಟ್ಟು ಬಿಡಲ್ಲ ಅಂತ ಸಹಿ ಹಾಕಿದ್ದೀನಿ. ನೀನು ಒಳಗೆ ಸೇರು, ಆಮೇಲೆ ಹೇಳ್ತೀನಿ."

ಅವಳು ಬಿಡುವ ಪೈಕಿಯಲ್ಲ. ದಿನಾ ಕಾಫಿಯ ಹೊತ್ತಿಗೆ ಒಂದೊಂದು ಊಹೆ ತರುತ್ತಿದ್ದಳು. ನನ್ನ ದನಿ ಜೋರಾಯ್ತಾ? ನಾನು ನಗಬಾರದಿತ್ತಾ? ಕೈಕಟ್ಟಿ ಕೂತಿದ್ನಾ? ಆರ್ಲನ್ ತಲೆಯಾಡಿಸಿ ಇನ್ನೊಂದು ಡೋನಟ್ ತೆಗೆಯುತ್ತಿದ್ದ.

ಕೊರಿನ್‌ಳ ಪಾತ್ರ ಹೊಟ್ಟೆನೋವಿನದು. 'ಅಪ್ಪ ಸತ್ತದ್ದೂ ಇದೇ ನೋವಿನಿಂದ. ಕೇಳಿದರೆ ಮಾತ್ರ ಹೇಳು' ಎಂದು ಪಾತ್ರದ ವಿವರ ಬರೆದುಕೊಟ್ಟ ಕಾಗದದಲ್ಲಿತ್ತು. ಒಂದು ದಿನ ಹದಿನಾಲ್ಕು ಜನ ಬಂದು ಹೊಟ್ಟೆ ಒತ್ತಿದರು, ಜ್ವರ ನೋಡಿದರು, ಪಥ್ಯ ಹೇಳಿದರು. ಕೊನೆಯವಳಿಗೆ ಕಲಿತದ್ದೆಲ್ಲ ಮರೆತುಹೋಗಿತ್ತು. ಪಾಪ, ತಡವರಿಸಿ ಕೇಳಿದಳು: "ನಿಮಗೆ ಏನಾದ್ರೂ ಹೆದರಿಕೆ ಇದೆಯಾ?" ಸ್ವಂತ ಅಪ್ಪ ಗುಂಡುಕಲ್ಲಿನಂತಿದ್ದು ಪ್ರತಿ ಗುರುವಾರ ಚೆಂಡುರುಳಿಸುವ ಬೌಲಿಂಗ್ ಆಟ ಆಡುತ್ತಿದ್ದರೂ ಕೊರಿನ್‌ಗೆ ಕಣ್ಣು ತುಂಬಿತು. ಅದು ಅವಳಿಗೇ ಆಶ್ಚರ್ಯ.

ಅಕ್ಟೋಬರ್‌ನಲ್ಲಿ ಮತ್ತೆ ಇಂಟರ್‌ವ್ಯೂ ಬಂತು. ಈ ಸಲ ರೂಮಿನಲ್ಲಿ ಗುರುತಿಲ್ಲದ ಹೆಂಗಸು. ತೀರಿಕೊಂಡ ತಾಯಿಯ ಕನ್ನಡಕ ಆಸ್ಪತ್ರೆಯಲ್ಲಿ ಕಳೆಯಿತೆಂದು ರೇಗಾಡಿದಳು. ಸಿದ್ಧಮಾಡಿಕೊಂಡ ಮಾತೆಲ್ಲ ನಾಲಿಗೆ ತುದಿಗೆ ಬಂತು. ಕೊರಿನ್ ನುಂಗಿಕೊಂಡಳು. ಆ ತಾಯಿ ಎಂಥವಳೋ ತಿಳಿಯಬೇಕು ಅನ್ನಿಸಿತು.

"ಕನ್ನಡಕ ಹಾಕ್ಕೊಂಡು ಅಮ್ಮ ಏನು ಮಾಡ್ತಿದ್ರು?"

ಹೆಂಗಸಿನ ರೇಗಾಟ ನಿಂತಿತು. "ಪದಬಂಧ ಬಿಡಿಸ್ತಿದ್ಲು. ಪೆನ್ಸಿಲ್ ಅಲ್ಲ, ಪೆನ್ನಲ್ಲೇ ಬರೀತಿದ್ಲು."

ಅದನ್ನು ಕೇಳುತ್ತಿರುವಾಗಲೇ ಏಳು ನಿಮಿಷ ಮುಗಿದ ಗಂಟೆ ಹೊಡೆಯಿತು. ಉಪಯೋಗದ ಮಾತು ಒಂದೂ ಆಡಲಿಲ್ಲ, ಕೆಲಸ ಕೆಟ್ಟಿತು ಎಂದುಕೊಂಡೇ ಮನೆಗೆ ಹೋದಳು.

ನವೆಂಬರ್‌ನಲ್ಲಿ ಪತ್ರ ಬಂತು. ಸೀಟು ಸಿಕ್ಕಿತ್ತು. ಕೊರಿನ್ ಅದನ್ನು ಹಿಡಿದು ನೇರ ನರ್ಸಿಂಗ್ ಶಾಲೆಗೆ ಓಡಿದಳು. ಆರ್ಲನ್ ನಿಲುವಂಗಿ ತೊಟ್ಟು ಮಂಚದ ಅಂಚಿಗೆ ಕೂತಿದ್ದ.

"ಸೇರ್ಕೊಂಡೆ. ಈಗ ಹೇಳಿ."

ಅವನು ಪತ್ರವನ್ನು ಎರಡು ಸಲ ಓದಿದ. "ಚಪ್ಪಲಿ ಯಾರಿಗೆ ಬೇಕಿತ್ತು ಹುಡುಗಿ? ಹೆಂಡತಿ ಹೆಸರೇನು ಅಂತ ಯಾರಾದ್ರೂ ಕೇಳ್ತಾರಾ ಅಂತ ಕಾಯೋದು, ಅಷ್ಟೇ ನನ್ನ ಪಾತ್ರ. ಹೆಸರನ್ನ ಕಾಗದದಲ್ಲಿ ಬರೆದೂ ಇರ್ಲಿಲ್ಲ, ನಮಗೆ ತೋಚಿದ್ದು ಇಟ್ಕೋಬಹುದಿತ್ತು."

"ನೀವು ಯಾವುದು ಇಟ್ಕೊಂಡಿದ್ರಿ?"

"ನಮ್ಮವಳದ್ದೇ."

ಹತ್ತು ತಿಂಗಳು ಪಕ್ಕದಲ್ಲಿ ಕೂತು ಕಾಫಿ ಕುಡಿದಿದ್ದಳು. ದಿನಕ್ಕೊಂದು ಪ್ರಶ್ನೆ ಕೇಳಿದ್ದಳು, ಎಲ್ಲವೂ ತನ್ನ ಬಗ್ಗೆಯೇ. ಇವನಿಗೊಬ್ಬಳು ಹೆಂಡತಿ ಇದ್ದಳೆಂಬುದೂ ಅವಳಿಗೆ ಗೊತ್ತಿರಲಿಲ್ಲ. ಪತ್ರವನ್ನು ಚೀಲಕ್ಕೆ ತುರುಕಿ, ಕುರ್ಚಿ ಎಳೆದುಕೊಂಡು ಕೂತಳು.

"ಏನು ಹೆಸರು?"

"ಲೊರೆಟ್ಟಾ," ಅಂದ ಆರ್ಲನ್. "ನನ್ನ ಬಸ್ಸಿಗೇ ಹತ್ತಿದ್ಲು. ಚಿಲ್ಲರೆ ಇರ್ಲಿಲ್ಲ ಅವಳ ಹತ್ರ."